ಹನ್ನೊಂದು ಅಡಿ ನದಿ

ಗೋಡೆ ಹನ್ನೆರಡು ಅಡಿ ಐತಿ ಅಂದರು
ಅಕ್ಕಿ ಗಿರಣಿಯ ಸಾಹುಕಾರರು, ತಾವೇ ಟೇಪು ಹಿಡಿದು.
ಈ ತುದಿಯಿಂದ ಆ ತುದಿಗೆ ಹೊಳಿ ಬೇಕು,
ಎರಡೂ ದಂಡಿ ಬಂಡಿ ಬೇಕು.
ಮನುಷ್ಯಾರು ಬ್ಯಾಡ.
ಅವರು ದಿನಾ ಆಫೀಸಿಗೆ ಬರತಾರ.

ಹೀಗೆ, ಗಂಗಾವತಿಯಲ್ಲಿ
ಲಗ್ನ, ಸೀಮಂತ, ಪಾಸ್‌ಪೋರ್ಟ್ ಸೈಜು ತೆಗೆಯುವ ನಾನು
ಸಾಣಾಪುರದ ಕೆಳಗೆ, ಬೆಳಗಿನ ಆರೂವರೆಗೆ
ಹರಿಗೋಲಿನ ನಟ್ಟನಡುವೆ ಮಂಡಿಯೂರಿದೆ.
ತಳಕ್ಕೆ ಯೂರಿಯಾ ಚೀಲ, ಅದರ ಮೇಲೆ ಡಾಂಬರು,
ಡಾಂಬರಿನ ಮೇಲೆ ನನ್ನ ಹೊಸ ಚೂಡಿದಾರ.

ಹುಟ್ಟು ಹಿಡಿದವನು ಅಂಬಣ್ಣ.
ನಿನ್ನಿ ಡ್ಯಾಮಿನ ಗೇಟು ಇಳಿಸ್ಯಾರ್ರಿ, ಅಂದ,
ಇವತ್ತ ಕಲ್ಲು ತಮ್ಮ ಹೊಟ್ಟಿ ತೋರಸ್ತಾವ.

ತೋರಿಸಿದವು.
ಒಂದು ನೆರೆ ಎದೆಮಟ್ಟಕ್ಕೆ ಎಳೆದ ಬಿಳಿ ಗೆರೆ,
ಅದರ ಮೇಲೆ ಅದರಪ್ಪನಂಥ ನೆರೆಯ ಗೆರೆ.
ಯಾರೂ ಕೂತು ರುಬ್ಬದ ಒರಳುಗಳು,
ಒಂದೊಂದರೊಳಗೂ ಒಂದು ಗುಂಡುಕಲ್ಲು,
ಕೆಲಸ ಮುಗಿದಿಲ್ಲ ಎನ್ನುವ ಹಾಗೆ.

ಎಡದಿಂದ ಬಲಕ್ಕೆ ತಿರುಗಬೇಕು.
ತಗಡಿನ ಮೇಲೆ ತಗಡು ಕೂರಿಸಿದಂತೆ
ಒಂದು ಚಿತ್ರದ ಅಂಚು ಇನ್ನೊಂದರ ಮೇಲೆ ಬೀಳಬೇಕು.
ಅದು ನೆಲದ ಮೇಲಿನ ಮಾತು.
ಹರಿಗೋಲಿಗೆ ಹಿಂದಿಲ್ಲ ಮುಂದಿಲ್ಲ,
ನಾನು ಬಲಕ್ಕೆ ಹೊರಳಿದರೆ ಅದು ಎಡಕ್ಕೆ.
ಒಂದೇ ಬಂಡೆ ಮೂರು ಸಲ ಬಂತು,
ಆಚೆ ದಂಡೆ ಬರಲೇ ಇಲ್ಲ.

ಚೂರು ನಿಂದ್ರಸಪಾ.
ನಿಂದ್ರಂಗಿಲ್ರಿ ಅಕ್ಕಾ ಇದು. ನೀವ ನಿಂದ್ರ್ರಿ.
ನಾ ತಿರುಗಸ್ತೀನಿ.

ಮೊಣಕೈ ಎದೆಗೊತ್ತಿಕೊಂಡು
ಕಲ್ಲಾಗಿ ಕೂತೆ.
ನನ್ನ ಬೆನ್ನ ಹಿಂದೆ ಅವನ ಹುಟ್ಟು
ಒಂದು ಗೇಣು ನೀರು ಸರಿಸಿ ನಿಲ್ಲುತ್ತಿತ್ತು.
ಒತ್ತಿದೆ. ಇನ್ನೊಂದು ಗೇಣು. ಒತ್ತಿದೆ.
ಮೂವತ್ತೊಂದು ಸಲ
ನದಿಯೇ ನನ್ನ ಸುತ್ತ ಒಂದು ಸುತ್ತು ಬಂದು
ಮೊದಲಿನ ಬಂಡೆಯ ಹತ್ತಿರ ಕೂತಿತು.

ಆಮೇಲೆ ಕೊರಕಲು.
ಕ್ಯಾಮೆರಾ ಒಳಗಿಡ್ರಿ, ಅಂದ, ದನಿ ಬೇರೆಯಾಗಿತ್ತು.
ಎರಡೂ ಗೋಡೆ ಮೈಮೇಲೆ ಬಂದವು,
ಆಕಾಶ ಧೋತರದ ಅಂಚಿನಷ್ಟಾಯಿತು,
ನೀರು ನಮ್ಮನ್ನೆತ್ತಿ ಕುಕ್ಕಿ ಮತ್ತೆ ಎತ್ತಿತು.
ಐದು ನೀರುನಾಯಿ ತಲೆಯೆತ್ತಿ
ಇವರ್ಯಾರು ಎಂದು ನೋಡಿದವು.
ನನ್ನ ಎರಡೂ ಕೈ ಬಿದಿರಿನ ಅಂಚಿಗಿದ್ದವು.
ಆ ದಿನದ ಒಳ್ಳೆಯ ಚಿತ್ರ ಅದು. ತೆಗೆಯಲಿಲ್ಲ.

ರಾತ್ರಿ ಕಂಪ್ಯೂಟರಿನಲ್ಲಿ ಹೊಲಿದೆ.
ಎಂಟನೇ ಅಡಿಯ ಹತ್ತಿರ, ನೀರಿನ ಮೇಲೆ ನೆರಳು.
ಸೂರ್ಯ ಬೆನ್ನಿಗಿದ್ದ ಹೊತ್ತು ಅದು, ನನಗೆ ಹೊಳೆದಿರಲಿಲ್ಲ.
ಗುಂಡನೆಯ ಕಪ್ಪು, ಅದರೊಳಗೆ ಒಂದಾದ ನಾವಿಬ್ಬರು,
ಎರಡು ಚಿತ್ರ ಕೂಡಿದ ಕಡೆ
ಒಂದೇ ನೆರಳಿಗೆ ಎರಡು ಹುಟ್ಟು.

ಸಾಹುಕಾರರ ಮಾತು ನೆನಪಾಯಿತು.
ಒಂದು ಅಡಿ ಕತ್ತರಿಸಿ
ಏಳನ್ನು ಒಂಬತ್ತಕ್ಕೆ ಕೂಡಿಸಿದೆ.
ಬಂಡೆಗೆ ಬಂಡೆ ಕೂಡಿತು, ನೀರಿಗೆ ನೀರು.
ಅವರು ಮತ್ತೆ ಟೇಪು ಹಿಡಿದರು.
ಉಳಿದ ಗೋಡೆಗೆ ಗಿರಣಿಯ ಕ್ಯಾಲೆಂಡರು ಹಾಕಿದರು.

ತಿಂಗಳಾದ ಮೇಲೆ ಅಂಬಣ್ಣ ಬಂದ,
ಹರಿಗೋಲಿನ ಲೈಸನ್ಸಿಗೆ ಎರಡು ಫೋಟೊ ಬೇಕಂತೆ.
ಗಾಜಿನ ಕೆಳಗಿನ ಸಣ್ಣ ಪ್ರಿಂಟನ್ನು ನೋಡುತ್ತ
ಎಡದಿಂದ ಬೆರಳು ಹೊರಡಿಸಿದ,
ಏಳರ ಹತ್ತಿರ ನಿಲ್ಲಿಸಿದ.
ಇಲ್ಲೊಂದು ಸುಳಿ ಇತ್ತಲ್ರಿ.
ಎಲ್ಲೈತಿ?
ತೆಗದೆ, ಅಂದೆ.
ಇದನ್ನ ನೋಡಿ ಯಾರರ ಹರಿಗೋಲು ಹಾಕಿದ್ರ ಮುಳುಗತಾರ.
ಗ್ವಾಡಿ ಫೋಟೊ ನೋಡಿ ಯಾರು ಹಾಕತಾರಪಾ, ಎಂದು ನಕ್ಕೆ.
ಅವನು ನಗಲಿಲ್ಲ.

ನೀಲಿ ಪರದೆಯ ಮುಂದೆ ಕೂರಿಸಿದೆ.
ಗದ್ದ ಮ್ಯಾಲೆ. ಕಣ್ಣ ಇಲ್ಲಿ.
ಸ್ಟೂಲು ಸುತ್ತುವಂಥದ್ದು.
ಪಾದ ನೆಲಕ್ಕೊತ್ತಿ ಒಂದು ಗೇಣು
ತಿರುಗಿಬಿಟ್ಟ.
ನಿಂದ್ರು, ಅನ್ನಬೇಕಿತ್ತು.
ಒತ್ತಿದೆ.