ಬಂಗಾರದ ನಿಮಿಷ

ಆದೇಶದ ಪಟ್ಟಿಯಲ್ಲಿ ನನ್ನದು ಹದಿನೇಳನೆಯ ಹೆಸರು:
ಅಮರಮ್ಮ, ಶುಶ್ರೂಷಾಧಿಕಾರಿ, ದೇವದುರ್ಗ ತಾಲೂಕು.
ಕಡ್ಡಾಯ ಎಂಬ ಪದದ ಕೆಳಗೆ ಎರಡು ಗೆರೆ,
ಗೈರಾದರೆ ವೇತನ ಬಡ್ತಿ ನಿಲ್ಲುವುದೆಂದು ಇನ್ನೊಂದು ಸಾಲು.
ರಾತ್ರಿ ಪಾಳಿ ಮುಗಿಸಿ, ಮುಖಕ್ಕೆ ನೀರು ಹಾಕಿಕೊಂಡು
ಏಳರ ಬಸ್ಸು ಹಿಡಿದೆ.
ಗಬ್ಬೂರು ದಾಟುವವರೆಗೆ ನಿದ್ದೆ.
ಆಮೇಲೆ ಹತ್ತಿ ಲಾರಿಯ ಹಿಂದೆ ತೆವಳುತ್ತ,
ಜಾಲಿಮುಳ್ಳಿಗೆ ಅಂಟಿದ ಅರಳೆ ನೋಡುತ್ತ
ರಾಯಚೂರು.

ಬೆರಳು ಒತ್ತುವ ಯಂತ್ರ ನನ್ನನ್ನು ಒಪ್ಪಲಿಲ್ಲ.
ಇಪ್ಪತ್ತೆರಡು ವರ್ಷದ ಸ್ಪಿರಿಟ್ಟು, ಬ್ಲೀಚಿಂಗು, ಸಾಬೂನು
ಹೆಬ್ಬೆಟ್ಟಿನ ಗೆರೆ ತಿಂದಿದ್ದವು.
"ಇನ್ನೊಂದು ಬೆರಳು ಇಡ್ರಿ ಸಿಸ್ಟರ್."
ಐದೂ ಇಟ್ಟೆ. ಕೊನೆಗೆ ಪೆನ್ನು ಕೊಟ್ಟ.

ಕಲಿಸಲು ಬಂದವನು ಮೌನೇಶ,
ಸಿಂಧನೂರಿನ ಹುಡುಗ, ಮೀಸೆ ಇನ್ನೂ ಬಲಿತಿಲ್ಲ.
"ಹುಟ್ಟಿದ ಮೇಲಿನ ಮೊದಲ ನಿಮಿಷ ಬಂಗಾರದ ನಿಮಿಷ"
ಎಂದು ಪರದೆಯ ಮೇಲೆ ತೋರಿಸಿದ.
ಎಲ್ಲರೂ ಬರೆದುಕೊಂಡರು. ನಾನು ಹಟ್ಟಿಯವಳು.
ನನ್ನಪ್ಪ ಗಣಿಗೆ ಇಳಿದು ಇಳಿದು ಮನೆಗೆ ಕೆಮ್ಮು ತಂದವನು.
ಲಾರಿ ಕಲ್ಲು ಅರೆದರೆ ಚಿಟಿಕೆ ಬರುತ್ತದವ್ವಾ,
ಅದೂ ನಮ್ಮದಲ್ಲ, ಅನ್ನುತ್ತಿದ್ದ.

ಮೇಜಿನ ಮೇಲೆ ಗೊಂಬೆ.
ಒಳಗೆ ನೀರು ತುಂಬಿ ಕೂಸಿನ ತೂಕ ಬರಿಸಿದ್ದರು.
ಬೆನ್ನ ಹಿಂದಿನಿಂದ ಎರಡು ಕೊಳವೆ, ತುದಿಗೆ ರಬ್ಬರಿನ ಬುರುಡೆ.
ಒಂದು ಹಿಚುಕಿದರೆ ಹೊಕ್ಕುಳಲ್ಲಿ ನಾಡಿ,
ಒಂದು ಹಿಚುಕಿದರೆ ಅಳು.
ಎರಡೂ ಮೌನೇಶನ ಮುಷ್ಟಿಯಲ್ಲಿ.

ಮಾನ್ವಿಯ ಶಾಹೀನಾ ಮಾಡಿದಳು, ಅತ್ತಿತು, ಚಪ್ಪಾಳೆ.
ನನ್ನ ಸರದಿ.
ಒರೆಸಿದೆ. ಬೆನ್ನು ತಿಕ್ಕಿದೆ. ಕತ್ತು ನೇರ ಮಾಡಿ
ಮಾಸ್ಕು ಕೂರಿಸಿ
ಒತ್ತು, ಎರಡು, ಮೂರು. ಒತ್ತು, ಎರಡು, ಮೂರು.
ಎದೆ ಏಳುತ್ತಿತ್ತು. ಅಳು ಇಲ್ಲ.
ಒತ್ತು, ಎರಡು,

ಯುಗಾದಿಯ ಮಾರನೆಯ ನಸುಕು, ಹನ್ನೆರಡು ವರ್ಷದ ಹಿಂದೆ.
ದುರುಗಮ್ಮನ ಮೂರನೆಯದು.
ಉಸಿರಿನ ಬ್ಯಾಗು ಬೀರುವಿನಲ್ಲಿತ್ತು,
ಬೀರುವಿನ ಕೀಲಿ ಸ್ಟೋರಿನವನ ಉಡದಾರದಲ್ಲಿತ್ತು,
ಅವನು ಅರಕೇರಾದಲ್ಲಿ ಬೀಗರ ಮನೆಯಲ್ಲಿದ್ದ.
ಬಾಯಿಗೆ ಬಾಯಿ ಇಟ್ಟು ಊದಿದೆ,
ನನಗೆ ಗೊತ್ತಿದ್ದಷ್ಟು.
ಎಷ್ಟು ಊದಬೇಕೆಂದು ಹೇಳುವ ಆದೇಶ
ಮುಂದಿನ ವರ್ಷ ಬಂತು.
ಬೀರುವನ್ನು ಒಡೆಯಬಹುದಿತ್ತು.
ಒಡೆದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೆ ಎಂದು
ಒಂದು ಗಳಿಗೆ ಯೋಚಿಸಿದೆ.
ಇದನ್ನು ಯಾವ ರಿಜಿಸ್ಟರಿನಲ್ಲೂ ಬರೆದಿಲ್ಲ.

"ಸಾಕು ಸಿಸ್ಟರ್, ಸರಿಯಾಗೇ ಮಾಡಿದ್ರಿ. ಮುಂದಿನವ್ರು ಬರ್ರಿ."
"ಅತ್ತಿಲ್ಲಲ್ಲಪ್ಪಾ."
"ಕೆಲವು ಅಳಂಗಿಲ್ರಿ. ಅದೂ ಪಾಠದಾಗ ಐತಿ."
ಕೈ ತೆಗೆಯಲಿಲ್ಲ.
ಒತ್ತು, ಎರಡು, ಮೂರು.
ಹಿಂದಿನ ಬೆಂಚಿನ ಮಾತು ನಿಂತಿತು,
ಫ್ಯಾನಿನದೊಂದೇ ಸದ್ದು.
ಹುಡುಗ ಕಿಟಕಿಯ ಕಡೆ ಮುಖ ತಿರುಗಿಸಿದ,
ಅವನ ಮುಷ್ಟಿ ಬಿಗಿದದ್ದು ಕಂಡಿತು.

ಹಳೆಯ ಸೈಕಲ್ಲಿನ ಹಾರನ್ನಿನ ಹಾಗೆ ಅತ್ತಿತು ಗೊಂಬೆ.
ಯಾರೋ ಕಿಸಕ್ಕೆಂದರು.
ನಾನೂ ನಕ್ಕೆ. ನಕ್ಕದ್ದು ನಿಲ್ಲಲಿಲ್ಲ,
ಶಾಹೀನಾ ಎದ್ದು ಬಂದು ಹೊರಗೆ ಕರೆದೊಯ್ದು
ಚಹಾ ಕುಡಿಸಿದಳು. ಏನೂ ಕೇಳಲಿಲ್ಲ.

ಸಂಜೆ ಪ್ರಮಾಣಪತ್ರದ ಮುಂಚೆ ಒಂದು ನಮೂನೆ ಹಂಚಿದರು.
ತರಬೇತಿ ಉಪಯುಕ್ತವೇ? ಹೌದು ಎಂದು ಗುರುತು ಹಾಕಿದೆ.
ಸಲಹೆಗಳಿದ್ದರೆ: ಎರಡೇ ಸಾಲಿನ ಜಾಗ.
ಬೀರುವಿಗೆ ಕೀಲಿ ಬೇಡ, ಎಂದು ಬರೆದೆ.
ಗೊಂಬೆಯ ಎಡತೊಡೆ ಸೋರುತ್ತದೆ, ಹೊಲಿಸಿರಿ.

ಬಸ್ಸಿನಲ್ಲಿ ಕಲ್ಮಲಾದವರೆಗೂ
ಸೀರೆಯ ಮಡಿಲು ಒದ್ದೆಯಿತ್ತು,
ಹೆರಿಗೆ ಕೋಣೆಯಿಂದ ಆಗಷ್ಟೇ ಬಂದಂತೆ.
ಪಕ್ಕದ ಹೆಂಗಸು ಸರಿದು ಕೂತಳು.
ಒಂಬತ್ತಕ್ಕೆ ಮತ್ತೆ ಪಾಳಿ.