ಮೂರನೇ ಸುತ್ತು

ಮೊದಲೆರಡು ಸುತ್ತು ಸರಿಯಾಗಿಯೇ ಓಡುತ್ತದೆ.
ಮೂರನೆಯದರಲ್ಲಿ, ಉದ್ದನೆಯ ನೇರ ದಾರಿಗೆ ತಿರುಗಿಕೊಳ್ಳುವಾಗ,
ಉಸಿರು ಬಿಡುತ್ತದೆ.
"ಸತ್ತೇ ಹೋಯಿತು" ಎನ್ನುತ್ತಾನೆ ಖಲ್ಫಾನ್,
ಹೆಲ್ಮೆಟ್ ತೆಗೆಯದೆಯೇ.

ಲ್ಯಾಪ್‌ಟಾಪಿನಲ್ಲಿ ಗೆರೆಗಳಿವೆ.
ಒಂದೂವರೆ ಬಾರ್ ಹತ್ತಬೇಕಾದ ಬೂಸ್ಟು
ಒಂದರ ಹೊಸ್ತಿಲಲ್ಲೇ ಕುಕ್ಕರಿಸಿದೆ.
ಹಿಂದೆ ಕೊಳವೆಯಲ್ಲಿ ಕರಿ ಹೊಗೆ.
ಪೆಟ್ರೋಲು ಜಾಸ್ತಿ, ಗಾಳಿ ಕಮ್ಮಿ.

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ ಹನ್ನೊಂದು.
ರಾತ್ರಿ ಹತ್ತಾದರೂ ಮೂವತ್ತೇಳು ಡಿಗ್ರಿ,
ಸೆಪ್ಟೆಂಬರಿನ ಬೆವರು ಸ್ಪ್ಯಾನರಿಗೂ ಬಂದಿದೆ.
ಪಕ್ಕದ ಶೆಡ್ಡಿನಲ್ಲಿ ಯಾರೋ ಲಾರಿಯ ಮಡ್‌ಗಾರ್ಡ್ ಬಡಿಯುತ್ತಿದ್ದಾರೆ,
ಒಂದೇ ತಾಳ, ಅದೂ ತಪ್ಪು ತಾಳ.

ಪ್ಲಗ್ಗು ಬಿಚ್ಚಿದೆ: ಮಸಿ.
ಪಂಪಿನ ಒತ್ತಡ ಸರಿಯಿದೆ. ವೇಸ್ಟ್‌ಗೇಟಿನ ಕಡ್ಡಿ ಬಿಗಿಯಾಗಿದೆ.
ಹೆಡ್‌ಫೋನ್ ಹಾಕಿ ಇಂಜಿನ್ನಿನ ಎದೆಗೆ ಕಿವಿಗೊಟ್ಟೆ.
ನಾಕ್ ಬಂದರೆ ನನಗೆ ಗೊತ್ತಾಗುತ್ತದೆ,
ಒಗ್ಗರಣೆ ಸೌಟಿನಲ್ಲಿ ಮೊದಲ ಸಾಸಿವೆ ಸಿಡಿದ ಹಾಗೆ;
ಒಂದು ಸಿಡಿದರೆ ಸಾಕು, ಕೈ ತಾನಾಗಿ ಉರಿ ತಗ್ಗಿಸುತ್ತದೆ,
ಟೈಮಿಂಗನ್ನು ಎರಡು ಡಿಗ್ರಿ ಹಿಂದಕ್ಕೆಳೆಯುತ್ತದೆ.
ಇವತ್ತು ಸಾಸಿವೆ ಸುಮ್ಮನಿದೆ.

ಪೈಪಿಗೆ ಕಂಪ್ರೆಸರಿನ ಗಾಳಿ ತುಂಬಿ
ಕೀಲುಕೀಲಿಗೂ ಸಾಬೂನು ನೀರು ಚಿಮುಕಿಸಿದೆ.
ಒಂದು ಗುಳ್ಳೆಯೂ ಏಳಲಿಲ್ಲ.

"ಟರ್ಬೋನೇ ಬದಲಾಯಿಸು ಉಸ್ತಾದ್,
ದುಡ್ಡಿನ ಮುಖ ನೋಡಬೇಡ."
ಹನ್ನೊಂದು ಸಾವಿರ ದಿರ್ಹಮ್.
ಅದರ ಮುಖ ನಾನು ನೋಡಿದೆ, ಸುಳ್ಳು ಯಾಕೆ ಹೇಳಲಿ.
ಶೆಡ್ಡಿನ ಬಾಡಿಗೆ ಚೆಕ್ಕು ಹದಿನೈದನೇ ತಾರೀಕಿಗೆ ಬ್ಯಾಂಕಿಗೆ ಹೋಗುತ್ತದೆ.
ಟರ್ಬೋದ ರೆಕ್ಕೆಯನ್ನು ಬೆರಳ ತುದಿಯಿಂದ ತಳ್ಳಿದೆ,
ಸದ್ದಿಲ್ಲದೆ ಸುತ್ತಿತು.
ಅಲುಗಾಟವಿಲ್ಲ, ಎಣ್ಣೆಯ ಪಸೆಯೂ ಇಲ್ಲ.
ಗಟ್ಟಿಮುಟ್ಟಾದವನ ಎದೆ ಕೊಯ್ಯುವುದು ಹೇಗೆ ಮಾರಾಯ?
"ನಾಳೆ ಬಾ" ಎಂದೆ.

ರೊಮೆಲ್ ಇದ್ದಿದ್ದರೆ ನಗುತ್ತಿದ್ದ.
ಒಂಬತ್ತು ವರ್ಷ ಇದೇ ಲಿಫ್ಟಿನ ಕೆಳಗೆ ಅವನ ತಲೆ, ನನ್ನ ತಲೆ.
ಮಾರ್ಚಿನಲ್ಲಿ, ಸೊಂಟ ನೋವು ಎಂದು ಸೆಬುವಿಗೆ ಹೋದವನು
ತನ್ನ ಹತ್ತು ಎಂಎಂ ಸ್ಪ್ಯಾನರನ್ನು ಇಲ್ಲೇ ಬಿಟ್ಟ,
ಜೊತೆಗೊಂದು ಮಾತನ್ನು:
ಬಿಸಿಯಲ್ಲಿ ಬಂದ ರೋಗವನ್ನು ತಣ್ಣಗೆ ಹುಡುಕಬೇಡ.

ಗಾಡಿಯನ್ನು ರೋಲರಿನ ಮೇಲೆ ಹತ್ತಿಸಿ, ಫ್ಯಾನು ಹಾಕದೆ,
ಬಾನೆಟ್ ಮುಚ್ಚಿ ಇಪ್ಪತ್ತು ನಿಮಿಷ ಓಡಿಸಿದೆ.
ಆಮೇಲೆ ನಿಲ್ಲಿಸಿ, ಮತ್ತೆ ಗಾಳಿ ತುಂಬಿ,
ಕೈ ಒಳಗೆ ಹಾಕಿದೆ. ಗವಸಿನೊಳಗೂ ಚುರುಗುಟ್ಟಿತು.
ಟರ್ಬೋದಿಂದ ಇಂಟರ್‌ಕೂಲರಿಗೆ ಇಳಿಯುವಲ್ಲಿ,
ಬೆರಳಿಗೆ ಸಿಕ್ಕರೂ ಕಣ್ಣಿಗೆ ಸಿಗದ ಜಾಗದಲ್ಲಿ
ಸ್ಸ್‌...
ರಬ್ಬರು ಮೊಣಕೈಯ ಒಳಮಡಿಕೆಯಲ್ಲಿ
ಉಗುರಿನಷ್ಟು ಗೆರೆ.
ತಣ್ಣಗಿದ್ದಾಗ ತುಟಿ ಬಿಗಿದುಕೊಳ್ಳುತ್ತದೆ.
ಕಾಯಿಸಿದರೆ ಬಾಯಿಬಿಡುತ್ತದೆ.

ಕಂಪ್ಯೂಟರಿನ ತಪ್ಪೇನಿಲ್ಲ, ಪಾಪ.
ಬಾಗಿಲಲ್ಲಿ ಗಾಳಿಯ ತಲೆ ಎಣಿಸಿತು,
ಅಷ್ಟಕ್ಕೂ ಎಲೆ ಹಾಕಿ ಪೆಟ್ರೋಲು ಬಡಿಸಿತು.
ನಡುದಾರಿಯಲ್ಲಿ ಜಾರಿಕೊಂಡವರ ಸುದ್ದಿ
ಅದಕ್ಕೆ ಯಾರು ಮುಟ್ಟಿಸಬೇಕು?

ಕೆಫೆಟೇರಿಯಾದ ಹುಡುಗ ಕರಕ್ ತಂದಿಟ್ಟ.
ಎರಡು ಲೋಟ.
ಫೋನಿನಲ್ಲಿ ಎರಡು ಎಂದವನು ನಾನೇ,
ಮಾರ್ಚಿನಿಂದ ಹಾಗೇ ಹೇಳುತ್ತಿದ್ದೇನೆ.
ಒಂದನ್ನು ಕುಡಿದೆ.
ಇನ್ನೊಂದರ ಮೇಲೆ ನಿಧಾನಕ್ಕೆ ಕೆನೆ ಕಟ್ಟಿತು.

ಶನಿವಾರ ಬೆಳಿಗ್ಗೆ ಪಿಟ್ ಗೋಡೆಗೆ ಒರಗಿ ಎಣಿಸಿದೆ.
ಮೂರು. ಟರ್ಬೋದ ಸಿಳ್ಳೆ ನೇರ ದಾರಿಯ ಕೊನೆಯವರೆಗೂ ಹೋಯಿತು.
ನಾಲ್ಕು. ಐದು.
ಆರನೆಯದರಲ್ಲಿ ಬ್ರೇಕಿನಿಂದ ಹೊಗೆ ಎದ್ದಿತು, ಅದು ಬೇರೆ ಕತೆ.
ಬಿಲ್ಲಿನಲ್ಲಿ ರಬ್ಬರಿಗೆ ನೂರ ನಲವತ್ತು, ಕೂಲಿ ಆರುನೂರು ಬರೆದೆ.
ಖಲ್ಫಾನ್ ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದ.

ಹರಿದ ರಬ್ಬರಿನ ಫೋಟೋ ರೊಮೆಲ್‌ಗೆ ಕಳಿಸಿದೆ.
ಮಧ್ಯಾಹ್ನ ಉತ್ತರ ಬಂತು,
ರಬ್ಬರಿನ ಬಗ್ಗೆ ಒಂದಕ್ಷರವಿಲ್ಲ:
ನನ್ನ ಹತ್ತು ಎಂಎಂ ಇದೆಯಾ?

ಇದೆ ಎಂದು ಬರೆದು
ಎದ್ದು ಹುಡುಕತೊಡಗಿದೆ.