ಗುಡ್ಡೆದೇಶದ ಗಣತಿ

ಕನ್ನಪ್ಪನ ದೋಣಿ ನನ್ನನ್ನು ಇಳಿಸಿ ಹೋದಾಗ ಹತ್ತೂಮುಕ್ಕಾಲು.
ಹನ್ನೊಂದು ಮನೆ, ನಲವತ್ತೇಳು ತಲೆ, ಒಂದು ಕೈಪಂಪು.
ಅದೂ ಕೆಮ್ಮುತ್ತದೆ, ನೀರು ಕೊಡುವುದಿಲ್ಲ.
ಸುತ್ತ ಕಣ್ಣು ಹಾಯುವಷ್ಟೂ ಶರಾವತಿಯ ಹಿನ್ನೀರು;
ಕುಡಿಯಲು ಮಾತ್ರ ಸೋಸಬೇಕು ಸೀರೆಯಂಚಿನಲ್ಲಿ.
ದೂರದಲ್ಲಿ ಹೊಸ ಸೇತುವೆ,
ಸ್ಕೇಲಿಟ್ಟು ಎಳೆದ ಗೆರೆ,
ಇತ್ತ ತಿರುಗಿಯೂ ನೋಡದೆ ನೆಟ್ಟಗೆ ಹೋಗಿಬಿಟ್ಟಿದೆ.

ನಾನು ಮೇಷ್ಟ್ರು, ಈ ತಿಂಗಳ ಮಟ್ಟಿಗೆ ಗಣತಿದಾರ.
ಗೋಡೆ ಯಾವುದರದ್ದು? ಸೂರು ಯಾವುದರದ್ದು?
ಪಾಯಿಖಾನೆಯೋ, ಬಯಲೋ?
ದೀಪ ಎಂಥದು?
ಗುತ್ಯಮ್ಮ ಕಂಬಕ್ಕೊರಗಿ ಎಲ್ಲಕ್ಕೂ ಒಂದೇ ಮಾತು:
"ಬರ್ಕಳಿ, ಐತೆ ಅಂತ್ಲೇ ಬರ್ಕಳಿ.
ಇಲ್ಲ ಅಂತ ಬರ್ಕಂಡೋರು ಮೂರು ಸಲ ಬಂದು ಹೋದ್ರು."

ಆಗ ಬಂದಳು ಮೊಮ್ಮಗಳು ನೂತನಾ, ಆರನೇ ಕ್ಲಾಸು,
ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು.
"ಸಾರ್, ನಮ್ದು ಬೇರೆ ದೇಶ.
ನಿಮ್ಮ ಫಾರ್ಮು ಇಲ್ಲಿ ನಡೆಯಲ್ಲ."

ಬಾವುಟ: ಲೈಫ್ ಜಾಕೆಟ್ಟಿನ ಮಾಸಿದ ಕಿತ್ತಳೆ,
ನಡುವೆ ನೀರುನಾಯಿ, ಹೆಚ್ಚುಕಡಿಮೆ ಅಳಿಲಿನ ಹಾಗಿದೆ.
ರಾಜಧಾನಿ ಕೈಪಂಪಿನ ಕಟ್ಟೆ.
ನೆರೆಯ ದೇಶ ಸಾಗರ, ಹೆಸರಲ್ಲಷ್ಟೇ ನೀರು.
ಶತ್ರು: ಗಾಳಿ ಎಂದು ಬರೆದು ಹೊಡೆದುಹಾಕಿದೆ.

ಆರೋಗ್ಯ ಮಂತ್ರಿ ಮಂಗಳವಾರ ಬರುವ ಸಿಸ್ಟರ್ ಮೆಟಿಲ್ಡಾ;
ಈ ದೇಶದಲ್ಲಿ ಅವರು ಬುಧವಾರವೂ ಇರುತ್ತಾರೆ,
ರಾತ್ರಿ ಉಳಿಯುತ್ತಾರೆ, ಕತ್ತಲಿಗೆ ಹೆದರುವುದಿಲ್ಲ.
ಪಿಂಚಣಿ ತಾನೇ ದೋಣಿ ಹತ್ತಿ ಬರುತ್ತದೆ.
ರೇಷನ್ನಿಗೆ ಹೆಬ್ಬೆಟ್ಟು ಒತ್ತಬೇಕಿಲ್ಲ;
ಹೆಬ್ಬೆಟ್ಟು ಸವೆದವರಿಗೆ ಎರಡು ಪಾಲು.
ಗುತ್ಯಮ್ಮ ತನ್ನ ಬೆರಳು ತಿರುಗಿಸಿ ನೋಡಿಕೊಂಡಳು:
ನುಣುಪಾದ ಹೊಳೆಗಲ್ಲು.
ಅದರಲ್ಲಿ ಗೆರೆ ಹುಡುಕಿ ಸೋತ ಮೆಷಿನ್ನು
ಹೋದ ತಿಂಗಳೂ ಅಕ್ಕಿ ಕೊಡಲಿಲ್ಲ.

ಪುಟ ಹದಿನಾಲ್ಕು, ಜನಸಂಖ್ಯೆ.
ನೀರ ಮೇಲೆ ನಲವತ್ತೇಳು.
ನೀರಡಿಯ ವಾರ್ಡಿನಲ್ಲಿ ಇಪ್ಪತ್ತೆರಡು ಮನೆ,
ಅಜ್ಜಿ ಹೇಳಿದ ಹಾಗೆ ಒಂದೊಂದಕ್ಕೂ ಹೆಸರು:
ಕೆಳಗಿನಮನೆ, ಬಾವಿಕಟ್ಟೆಯವರು, ಎಡಚ ತಿಮ್ಮನ ಮನೆ...
"ಅವರೆಲ್ಲ ಎದ್ದು ಹೋದರಲ್ಲ, ಮಗೂ" ಎಂದೆ.
"ಎಲ್ಲಿಗೆ ಅಂತ ಯಾರೂ ಬರ್ದಿಟ್ಟಿಲ್ಲ ಸಾರ್,
ಅದ್ಕೇ ಅಲ್ಲೇ ಇಟ್ಕೊಂಡಿದೀನಿ."

ಮೇ ತಿಂಗಳಲ್ಲಿ ನೀರಿಳಿದು ಕೆಸರು ಒಣಗಿದರೆ
ಆಚೆ ದಡಕ್ಕೆ ನಡೆದೇ ಹೋಗಬಹುದು;
ಆಗ ದೇಶಕ್ಕೆ ರಜೆ.
ಬಾವುಟ ಮಡಿಸಿ ಟ್ರಂಕಿನಲ್ಲಿಡುತ್ತಾಳೆ.

ನಗುತ್ತ ಹಾಳೆ ತಿರುವಿ ಮೊದಲ ಪುಟಕ್ಕೆ ಬಂದೆ.
ಕೆಂಪು ಇಂಕು, ಎರಡೆರಡು ಅಡಿಗೆರೆ, ಮೊದಲ ಕಾನೂನು:
"ಹೆರಿಗೆ ನೋವು ಬಂದವರು ಇರುವಾಗ
ಕೊನೆಯ ದೋಣಿ ದಡ ಬಿಡಕೂಡದು."
ಕೆಳಗೆ, ಜಾರಿಗೆ ಬಂದ ತಾರೀಖು.
ಆಮೇಲೆ ಖಾನೆ ತುಂಬಲೆಂದು ಅವಳ ಆಧಾರ್ ಕೇಳಿದೆ.
ಹುಟ್ಟಿದ ದಿನ, ಅದೇ ತಾರೀಖು.
ತಾಯಿಯ ಹೆಸರು?
ಗುತ್ಯಮ್ಮ ಒಲೆಗೆ ಕಟ್ಟಿಗೆ ತಳ್ಳಿ
"ಚಾ ಕುಡೀತೀರಾ" ಎಂದಳು.

ಮೂರೂವರೆಗೆ ಕನ್ನಪ್ಪ ಸಿಳ್ಳೆ ಹಾಕಿದ.
ನಿಮ್ಮ ದೇಶದ ಪೌರನಾಗಲು ಏನು ಬೇಕು ಎಂದೆ, ತಮಾಷೆಗೆ.
ಅವಳಿಗೆ ಅದು ತಮಾಷೆಯಲ್ಲ:
"ಈಜು ಬರ್ಬೇಕು. ಕಂಬಳಿಯ ಒಂದು ಮೂಲೆ ಹಿಡಿಯೋಕೆ ಬರ್ಬೇಕು,
ರಾತ್ರಿ ಯಾರನ್ನಾದ್ರೂ ದೋಣಿವರೆಗೆ ಹೊರೋವಾಗ."
ನನಗೆ ಈಜು ಬರುವುದಿಲ್ಲ.
ಪೆನ್ನಿನ ತುದಿ ಕಚ್ಚಿ ತುಸು ಯೋಚಿಸಿ
ನಲವತ್ತೇಳರ ಪಕ್ಕದಲ್ಲಿ ಬರೆದಳು:
ಪ್ಲಸ್ ಒಂದು. ಮೂಲೆ ಹಿಡಿಯುವವರು. ಈಜು ಕಲಿಯಬೇಕು.

ನನ್ನ ಫಾರ್ಮಿನಲ್ಲಿ ಇನ್ನೂ ಎರಡು ಖಾನೆ ಖಾಲಿ.
ದೋಣಿಯ ಅಂಚಿನಿಂದ ನೀರಿಗೆ ಕೈಯಿಳಿಸಿ
ಎಡಚ ತಿಮ್ಮನ ಮನೆ ಎಲ್ಲಿರಬಹುದು ಎಂದು ಕೇಳಿದೆ.
ಕನ್ನಪ್ಪ ಆಗಲೇ ಎಂಜಿನ್ನಿನ ಸದ್ದು ತಗ್ಗಿಸಿದ್ದ.
"ಇಲ್ಲಿ ಮೆಲ್ಲಗೆ ಹೋಗ್ಬೇಕು ಸಾರ್," ಎಂದ,
"ಅವರ ಅಂಗಳ."